ಕಹಾಲ್ ಖಾಲಿ ಬಿಟ್ಟ ಪ್ರಶ್ನೆ

ಹೋದ ಸಲ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ತಪ್ಪಿದ್ದು ಒಂದೂವರೆ ಅಂಕಕ್ಕೆ. ಅದರ ಹಿಂದಿನ ಸಲ ಹನ್ನೊಂದು ಅಂಕಕ್ಕೆ ತಪ್ಪಿತ್ತು. ಹಾಗೆ ನೋಡಿದರೆ ಮೇಲೆ ಬರುತ್ತಿದ್ದೇನಲ್ಲ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ನಗಲಿಲ್ಲ. ಕೀ ಉತ್ತರ ಹಿಡಿದು ಕೂತಾಗ ನಿಜ ಸಂಗತಿ ತಿಳಿಯಿತು. ಏನೇನೂ ಗೊತ್ತಿಲ್ಲದ ಎಂಟು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುಂಡು ಹೊಡೆದಿದ್ದೆ. ಎಂಟೂ ತಪ್ಪು. ತಪ್ಪಿಗೆ ಕಾಲು ಅಂಕದ ಲೆಕ್ಕದಲ್ಲಿ ಎರಡು ಅಂಕ ಅಲ್ಲೇ ಹೋಗಿತ್ತು. ಖಾಲಿ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಎಲ್ಲೋ ಒಂದು ಕಚೇರಿಯಲ್ಲಿ ಕೂತಿರುತ್ತಿದ್ದೆ.

ಈಗ ಮೂರನೇ ಸಲದ ಓದು. ಇದೇ ಕೊನೆ ಎಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರಿಗೂ ಗೊತ್ತಿರುವ ಮಾತು. ಚಿಕ್ಕನಾಯಕನಹಳ್ಳಿ ಕಡೆಯಿಂದ ಒಂದು ಸಂಬಂಧದವರು ಎರಡು ಸಲ ಕೇಳಿ ಕಳಿಸಿದ್ದಾರೆ. ತುರುವೇಕೆರೆ ಸೀಮೆಯ ನಮ್ಮ ಮನೆಯಲ್ಲಿ ಓದಲು ಜಾಗವೆಂದರೆ ಅಟ್ಟದ ಕೆಳಗಿನ ಮೂಲೆ. ಮೇಲೆ ಕಾಯಿ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರು ಮಾರುಕಟ್ಟೆಗೆ ಹೋಗುವುದು ಅದೇ. ರಾತ್ರಿ ಇಲಿ ಓಡಾಡಿದಾಗ ಒಂದೆರಡು ಕಾಯಿ ಉರುಳುತ್ತವೆ. ಹನ್ನೊಂದು ಗಂಟೆಗೆ ಅಮ್ಮ ಫ್ಲಾಸ್ಕಿಗೆ ಕಾಫಿ ಹಾಕಿಟ್ಟು ಮಲಗುತ್ತಾರೆ. ಪಠ್ಯದಲ್ಲಿ ಇಲ್ಲದ ಒಬ್ಬ ಮನುಷ್ಯನ ಕಥೆಯನ್ನು ನಾನು ಓದಿಕೊಂಡದ್ದು ಈ ಮೂಲೆಯಲ್ಲೇ, ಓದಬೇಕಾದ್ದನ್ನು ಬದಿಗಿಟ್ಟು.

ಆತನ ಹೆಸರು ಸಾಂಟಿಯಾಗೊ ರಮೋನ್ ಇ ಕಹಾಲ್. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ನಮ್ಮ ಮೇಷ್ಟ್ರು ತಿಪಟೂರಿನಿಂದ ರೈಲು ಹತ್ತಿಸಿ ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಂ ತೋರಿಸಿದ್ದರು. ಕೈಗವಸು ಹಾಕಿಕೊಂಡು ನಿಜವಾದ ಮಿದುಳನ್ನು ಹಿಡಿದಿದ್ದೆ. ಎಳನೀರಿನ ಗಂಜಿಯ ಹಾಗೆ ಮೆತ್ತಗಿರುತ್ತದೆ ಎಂದುಕೊಂಡಿದ್ದೆ. ದ್ರಾವಣದಲ್ಲಿಟ್ಟದ್ದು ಗಟ್ಟಿಯಾಗಿತ್ತು, ತಣ್ಣಗಿತ್ತು. ಬರುವಾಗ ರೈಲಿನಲ್ಲಿ ಮೇಷ್ಟ್ರು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಬೇರು ಸಮೇತ ಕಿತ್ತ ಗಿಡದಂತಿದ್ದ ಕಪ್ಪು ಶಾಯಿಯ ನರಕೋಶ. ನೂರು ವರ್ಷಕ್ಕೂ ಹಿಂದೆ ಕೈಯಲ್ಲಿ ಬಿಡಿಸಿದ್ದು. ಬಿಡಿಸಿದವನು ಕಹಾಲ್.

ಆತ ಹುಟ್ಟಿದ್ದು 1852ರಲ್ಲಿ, ಸ್ಪೇನಿನ ಪೆಟಿಲಾ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ಅಪ್ಪ ಹಳ್ಳಿಯ ವೈದ್ಯ, ಮಹಾ ಹಟಮಾರಿ. ಹುಡುಗನಿಗೆ ಚಿತ್ರಗಾರನಾಗುವ ಆಸೆ. ಗೋಡೆ, ಕಾಗದ, ಏನು ಸಿಕ್ಕರೂ ಬಿಡಿಸುತ್ತಿದ್ದ. ಅಪ್ಪನಿಗೆ ಅದು ಹೊಟ್ಟೆಗೆ ಹಿಟ್ಟಿಲ್ಲದವರ ಹವ್ಯಾಸ. ಹನ್ನೊಂದನೇ ವಯಸ್ಸಿನಲ್ಲಿ ಈ ಹುಡುಗ ಸ್ವಂತ ತಯಾರಿಯ ಫಿರಂಗಿಯಿಂದ ಪಕ್ಕದ ಮನೆಯವರ ಗೇಟು ಹಾರಿಸಿ ಕೆಲವು ದಿನ ಜೈಲಿನಲ್ಲಿದ್ದ. ಓದು ಹತ್ತದ ಮಗನನ್ನು ಅಪ್ಪ ಮೊದಲು ಕ್ಷೌರದವನ ಹತ್ತಿರ, ಆಮೇಲೆ ಚಪ್ಪಲಿ ಹೊಲೆಯುವವನ ಹತ್ತಿರ ಕೆಲಸಕ್ಕೆ ಬಿಟ್ಟರು. ಕೊನೆಗೆ ಮಗನನ್ನು ಹಿಡಿದದ್ದು ಸ್ಮಶಾನದಲ್ಲಿ. ಹಳೆಯ ಗೋರಿಗಳ ಬಳಿ ಬಿದ್ದ ಮೂಳೆಗಳನ್ನು ತಂದು ಅಪ್ಪ ಅಂಗರಚನೆ ಹೇಳಿಕೊಟ್ಟರು. ಹುಡುಗ ಅವನ್ನು ಚಿತ್ರ ಬಿಡಿಸಿ ಕಲಿತ. ಬೇಡವೆಂದ ಚಿತ್ರಕಲೆ ಹಿಂಬಾಗಿಲಿನಿಂದ ಒಳಗೆ ಬಂತು.

1873ರಲ್ಲಿ ವೈದ್ಯ ಪದವಿ. ಕೂಡಲೇ ಸೈನ್ಯಕ್ಕೆ ಸೇರಿ ಕ್ಯೂಬಾಗೆ ಹೋದ. ಅಲ್ಲಿ ಸಿಕ್ಕಿದ್ದು ಮಲೇರಿಯ. ಸೊರಗಿ ಊರಿಗೆ ಬಂದವನು ಉಳಿದ ಸಂಬಳದ ದುಡ್ಡಿನಲ್ಲಿ ಸೂಕ್ಷ್ಮದರ್ಶಕ ಕೊಂಡ. ಆಮೇಲೆ ಕ್ಷಯ. ಇದರ ನಡುವೆ ಆತ ಮಾಡುತ್ತಿದ್ದುದು ಏನು ಗೊತ್ತೆ? ನಾವು ಮಾಡುತ್ತಿರುವುದೇ. ಸ್ಪೇನಿನಲ್ಲಿ ಪ್ರಾಧ್ಯಾಪಕ ಹುದ್ದೆಗೆ ಆಗಲೂ ಸ್ಪರ್ಧಾತ್ಮಕ ಪರೀಕ್ಷೆ ಇತ್ತು, ಪರೀಕ್ಷಕರ ಎದುರು ಕೂತು ಗೆಲ್ಲಬೇಕು. ಕಹಾಲ್ ಅದರಲ್ಲಿ ಒಂದಕ್ಕಿಂತ ಹೆಚ್ಚು ಸಲ ಸೋತ. 1879ರಲ್ಲಿ ಮದುವೆಯಾದಾಗಲೂ ಗಟ್ಟಿ ಹುದ್ದೆ ಇರಲಿಲ್ಲ. ವಲೆನ್ಸಿಯಾದ ಹುದ್ದೆ ದಕ್ಕಿದ್ದು 1883ರಲ್ಲಿ, ಮೂವತ್ತೊಂದನೇ ವಯಸ್ಸಿನಲ್ಲಿ. ಈ ಸಾಲು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ನನ್ನ ವಯಸ್ಸು ಲೆಕ್ಕ ಹಾಕಿದ್ದೆ. ನಿಮ್ಮಲ್ಲಿ ಕೆಲವರೂ ಈಗ ಹಾಕುತ್ತಿರಬಹುದು.

1885ರಲ್ಲಿ ಕಾಲರಾ ಬಂದಾಗ ಆತ ಮಾಡಿದ ಕೆಲಸಕ್ಕೆ ಜರಗೋಜಾ ಪ್ರಾಂತದ ಆಡಳಿತ ಒಂದು ಜೈಸ್ ಸೂಕ್ಷ್ಮದರ್ಶಕ ಕಾಣಿಕೆ ಕೊಟ್ಟಿತು. ಎರಡು ವರ್ಷದ ನಂತರ ಮ್ಯಾಡ್ರಿಡ್‌ನಲ್ಲಿ ಸಿಮಾರೊ ಎಂಬ ವೈದ್ಯರ ಮನೆಯಲ್ಲಿ ಒಂದು ಗಾಜಿನ ಪಟ್ಟಿ ನೋಡಿದ. ಇಟಲಿಯ ಕಮಿಲೊ ಗಾಲ್ಜಿ 1873ರಲ್ಲೇ ಕಂಡುಹಿಡಿದ ಬಣ್ಣದ ವಿಧಾನ ಅದು. ಮಿದುಳಿನ ತುಣುಕನ್ನು ಪೊಟ್ಯಾಸಿಯಂ ಡೈಕ್ರೊಮೇಟಿನಲ್ಲಿ ಗಟ್ಟಿ ಮಾಡಿ, ಸಿಲ್ವರ್ ನೈಟ್ರೇಟಿನಲ್ಲಿ ಮುಳುಗಿಸಬೇಕು. ಆಗ ನೂರಾರು ಕೋಶಗಳಲ್ಲಿ ಎಲ್ಲೋ ಕೆಲವು ಮಾತ್ರ ಬುಡದಿಂದ ತುದಿಯವರೆಗೆ ಕಪ್ಪಾಗುತ್ತವೆ. ಯಾಕೆ ಅವಷ್ಟೇ ಎನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ, ಆದರೆ ಉಪಯೋಗ ಅಲ್ಲೇ ಇತ್ತು. ಎಲ್ಲ ಕಪ್ಪಾದರೆ ಏನೂ ಕಾಣುವುದಿಲ್ಲ.

ಕಹಾಲ್ ಮಾಡಿದ ಜಾಣತನ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಐವತ್ತು ವರ್ಷದ ತೋಟದಲ್ಲಿ ಒಂದು ತೆಂಗಿನ ಬೇರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಅಗೆದು ನೋಡಲು ಸಾಧ್ಯವೇ? ಸಸಿ ಮಡಿಯಲ್ಲಿ ನೋಡಬಹುದು. ಆತ ಬೆಳೆದ ಪ್ರಾಣಿಗಳ ಮಿದುಳು ಬಿಟ್ಟು, ಮೊಟ್ಟೆಯೊಳಗಿನ ಮರಿಗಳ, ಆಗಷ್ಟೇ ಹುಟ್ಟಿದ ಪ್ರಾಣಿಗಳ ಮಿದುಳನ್ನು ಆರಿಸಿಕೊಂಡ. ಗಾಲ್ಜಿ ನರಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡ ಬಲೆ ಎನ್ನುತ್ತಿದ್ದ. ಕಹಾಲ್ ಕಂಡದ್ದು ಬೇರೆ ಬೇರೆ ನಿಂತ ಕೋಶಗಳು. ಒಂದರ ತುದಿ ಇನ್ನೊಂದರ ಹತ್ತಿರಕ್ಕೆ ಬರುತ್ತದೆ, ಬೆಸೆದುಕೊಳ್ಳುವುದಿಲ್ಲ.

1888ರಲ್ಲಿ ಇದನ್ನು ಪ್ರಕಟಿಸಲು ಸ್ವಂತ ಖರ್ಚಿನಲ್ಲಿ ಪತ್ರಿಕೆ ಶುರು ಮಾಡಿದ. ಅಚ್ಚು ಹಾಕಿಸಿದ್ದು 60 ಪ್ರತಿ. ಹೆಚ್ಚಿನವನ್ನು ಹೊರದೇಶದ ವಿಜ್ಞಾನಿಗಳಿಗೆ ಅಂಚೆಗೆ ಹಾಕಿದ. ಮನೆ ತುಂಬ ಮಕ್ಕಳು, ಮನೆ ನಡೆಸುತ್ತಿದ್ದದ್ದು ಹೆಂಡತಿ ಸಿಲ್ವೇರಿಯಾ. ಚೆಸ್ ಹುಚ್ಚು ವಿಪರೀತವಾಗಿದ್ದು, ಅದನ್ನೂ ಬಿಟ್ಟ. (ಫೋನಿನ ಗೇಮ್ ವಿಷಯ ನಾನು ಎತ್ತುವುದಿಲ್ಲ.) ಉತ್ತರ ಬರದಿದ್ದಾಗ 1889ರಲ್ಲಿ ತನ್ನ ಗಾಜಿನ ಪಟ್ಟಿಗಳನ್ನು ಕಟ್ಟಿಕೊಂಡು ತಾನೇ ಬರ್ಲಿನ್ ಸಮ್ಮೇಳನಕ್ಕೆ ಹೋದ. ಜರ್ಮನ್ ಬರದು, ಫ್ರೆಂಚ್ ಹರಕುಮುರುಕು. ಇಂಗ್ಲಿಷಿನಲ್ಲಿ ಇಂಟರ್‌ವ್ಯೂ ಎಂದರೆ ನಾಲಗೆ ಒಣಗುವ ನಮ್ಮಂಥವರು ಆ ದೃಶ್ಯವನ್ನು ಊಹಿಸಿಕೊಳ್ಳಬಹುದು. ಆತ ಮಾತಾಡಿ ಗೆಲ್ಲಲಿಲ್ಲ. ಆ ಕಾಲದ ದೊಡ್ಡ ಹೆಸರಾಗಿದ್ದ ಕೋಲಿಕರ್‌ನನ್ನು ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ. ಮುದುಕ ನೋಡಿದ, ಒಪ್ಪಿದ, ಆಮೇಲೆ ಕಹಾಲ್‌ನ ಬರಹ ಓದಲೆಂದೇ ಸ್ಪ್ಯಾನಿಷ್ ಕಲಿತ. 1906ರ ನೊಬೆಲ್ ಗಾಲ್ಜಿಗೂ ಕಹಾಲ್‌ಗೂ ಒಟ್ಟಿಗೆ ಬಂತು. ವೇದಿಕೆಯ ಮೇಲೂ ಗಾಲ್ಜಿ ತನ್ನ ಬಲೆಯನ್ನೇ ಸಮರ್ಥಿಸಿಕೊಂಡ.

ಎಲ್ಲ ಪುಸ್ತಕಗಳೂ ಇಲ್ಲಿಗೆ ನಿಲ್ಲುತ್ತವೆ. ನನ್ನನ್ನು ಹಿಡಿದದ್ದು ಆಮೇಲಿನದು.

ಆ ಕಪ್ಪು ಪಟ್ಟಿಗಳಲ್ಲಿ ನರಕೋಶದ ಜೊತೆಗೆ ಇನ್ನೊಂದು ಜಾತಿಯ ಕೋಶಗಳೂ ಇದ್ದವು. ಸುತ್ತ ಕಡ್ಡಿ ಚಾಚಿದ, ನಕ್ಷತ್ರದಂಥವು. ಜರ್ಮನಿಯ ವಿರ್ಶೊ ಅವಕ್ಕೆ 1850ರ ದಶಕದಲ್ಲೇ ಗ್ಲಿಯಾ ಎಂದು ಹೆಸರಿಟ್ಟಿದ್ದ. ಗ್ರೀಕಿನಲ್ಲಿ ಅಂಟು ಎಂದರ್ಥ. ನರಗಳನ್ನು ಹಿಡಿದಿಡುವ ಅಂಟು, ಅಷ್ಟೇ. ಎಳನೀರು ಬೇಕಾದವನು ಮಟ್ಟೆಯನ್ನು ಹೇಗೆ ಕಾಣುತ್ತಾನೋ ಹಾಗೆ. ಈಗಿನ ಲೆಕ್ಕದಲ್ಲಿ ಮನುಷ್ಯನ ಮಿದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ, ಈ ಆಸರೆ ಕೋಶಗಳೂ ಹೆಚ್ಚುಕಡಿಮೆ ಅಷ್ಟೇ ಇವೆ. ಅಷ್ಟು ಕೋಟಿ ಕೋಶಗಳಿಗೆ ಅಂಟಾಗಿ ಕೂರುವುದಷ್ಟೇ ಕೆಲಸವೇ?

ಕಹಾಲ್‌ಗೂ ಈ ಅನುಮಾನ ಬಂತು. 1895ರಲ್ಲಿ ಒಂದು ಊಹೆ ಮುಂದಿಟ್ಟ. ನಕ್ಷತ್ರ ಕೋಶಗಳು ತಮ್ಮ ಕೈ ಚಾಚಿ ನರತುದಿಗಳ ನಡುವೆ ತೂರಿಸಿದಾಗ ಸಂಪರ್ಕ ಕಡಿದು ನಿದ್ದೆ ಬರುತ್ತದೆ, ಕೈ ಹಿಂದಕ್ಕೆಳೆದುಕೊಂಡಾಗ ಎಚ್ಚರವಾಗುತ್ತದೆ ಎಂದು. ಪುರಾವೆ ಸಾಲದು. ನನ್ನ ಭಾಷೆಯಲ್ಲಿ ಹೇಳುವುದಾದರೆ ಗುಂಡು ಹೊಡೆದಿದ್ದ. ನಾಲ್ಕು ವರ್ಷದ ನಂತರ ಬರೆದ ದೊಡ್ಡ ಗ್ರಂಥದಲ್ಲಿ ಮಾತ್ರ, ಗ್ಲಿಯಾದ ಕೆಲಸವೇನೆಂದು ತಿಳಿಯದು, ಶರೀರಕ್ರಿಯಾ ವಿಜ್ಞಾನಿಗಳು ನೇರವಾಗಿ ಪರೀಕ್ಷಿಸುವ ದಾರಿ ಕಂಡುಕೊಳ್ಳುವವರೆಗೆ ಬಹಳ ವರ್ಷ ಇದು ತಿಳಿಯದೆಯೇ ಉಳಿಯಬಹುದು ಎಂಬರ್ಥದಲ್ಲಿ ಬರೆದು, ಪ್ರಶ್ನೆಯನ್ನು ಖಾಲಿ ಬಿಟ್ಟ. ಲೋಕ ಗುರುವೆಂದು ಕಾಣತೊಡಗಿದ್ದ ಕಾಲದಲ್ಲಿ ಹಾಗೆ ಬಿಡುವುದು ಸುಲಭವಲ್ಲ. ಆದರೆ ಕೈಬಿಡಲಿಲ್ಲ. 1913ರಲ್ಲಿ, ಅರವತ್ತು ದಾಟಿದ ಮೇಲೆ, ಚಿನ್ನದ ಲವಣ ಬಳಸಿ ನಕ್ಷತ್ರ ಕೋಶಗಳನ್ನೇ ಎತ್ತಿ ತೋರಿಸುವ ಹೊಸ ಬಣ್ಣದ ವಿಧಾನ ಕಂಡುಕೊಂಡ.

ಆತನ ಹುಳುಕನ್ನೂ ಹೇಳಬೇಕು. ಆ ವಿಧಾನಕ್ಕೂ ಸಿಕ್ಕದ ಕೆಲವು ಕೋಶಗಳು ಉಳಿದಿದ್ದವು. ಅವನ್ನು ಬಿಡಿಸಿ ತೋರಿಸಿದವನು ಆತನ ಪ್ರಯೋಗಾಲಯದಲ್ಲೇ ಇದ್ದ ಪಿಯೊ ದೆಲ್ ರಿಯೊ ಒರ್ತೆಗಾ. 1919ರಲ್ಲಿ ಮೈಕ್ರೊಗ್ಲಿಯಾ, 1921ರಲ್ಲಿ ಆಲಿಗೊಡೆಂಡ್ರೊಗ್ಲಿಯಾ. ಗುರು ಮೆಚ್ಚಿ ಬೆನ್ನು ತಟ್ಟಬೇಕಿತ್ತು. ಆತ ತಕರಾರು ತೆಗೆದ, ಚಾಡಿ ಮಾತು ಸೇರಿಕೊಂಡಿತು, 1920ರಲ್ಲಿ ಒರ್ತೆಗಾ ಪ್ರಯೋಗಾಲಯ ಬಿಡಬೇಕಾಯಿತು. ಸರಿಯೆನಿಸಿದ್ದು ಒರ್ತೆಗಾನ ಕೆಲಸವೇ. ಒಂದು ಕಾಲದಲ್ಲಿ ಪರೀಕ್ಷಕರ ಮುಂದೆ ಸೋತು ಹೊರಬಂದವನು ತಾನೇ ಪರೀಕ್ಷಕನಾದಾಗ ಹೀಗೆ ನಡೆದುಕೊಂಡದ್ದು ನನಗೆ ಇಂದಿಗೂ ಬೇಸರ.

ಕಹಾಲ್ 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡ. ಅಷ್ಟರಲ್ಲಿ ನರಕೋಶಗಳ ನಡುವಿನ ಸಂದಿಯನ್ನು ಸಂದೇಶ ಹೇಗೆ ದಾಟುತ್ತದೆ ಎಂಬುದು ಬಿಡಿಸಿಕೊಳ್ಳತೊಡಗಿತ್ತು. ಒಟ್ಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯಗಳ ಮೇಲೆ ಪ್ರಯೋಗ ಮಾಡಿ, ನರ ತನ್ನ ಸಂದೇಶವನ್ನು ರಾಸಾಯನಿಕವಾಗಿ ಬಿಡುತ್ತದೆ ಎಂದು ತೋರಿಸಿದ್ದ. ಗ್ಲಿಯಾ ಕೋಶಗಳಲ್ಲಿ ಸ್ರವಿಸುವ ಗ್ರಂಥಿಗಳಲ್ಲಿರುವಂಥ ಕಣಗಳಿವೆ ಎಂದು ಫ್ರಾನ್ಸಿನ ನಾಜೊಟ್ 1910ರಲ್ಲೇ ಬರೆದಿದ್ದ. ಈ ಎರಡನ್ನೂ ಸೇರಿಸಿ ನೋಡಲು ಮತ್ತೆ ಹಲವು ದಶಕ ಹಿಡಿಯಿತು.

ಕಹಾಲ್ ಹೇಳಿದ ನೇರ ದಾರಿ ಸಿಕ್ಕಿದ್ದು ಕ್ಯಾಲ್ಸಿಯಂ ಏರಿದರೆ ಹೊಳೆಯುವ ಬಣ್ಣಗಳಿಂದ. 1990ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ನಕ್ಷತ್ರ ಕೋಶಗಳ ಮೇಲೆ ಗ್ಲುಟಮೇಟ್ ಹಾಕಿದರು. ನರಗಳು ಮಾತಿಗೆ ಬಳಸುವ ರಾಸಾಯನಿಕ ಅದು. ಕೋಶದೊಳಗೆ ಕ್ಯಾಲ್ಸಿಯಂ ಏರಿತು, ಕೆರೆಗೆ ಕಲ್ಲು ಬಿದ್ದ ಹಾಗೆ ಅಲೆ ಪಕ್ಕದ ಕೋಶಗಳಿಗೂ ಹರಡಿತು. ಅಂದರೆ ಅಂಟು ಕೇಳಿಸಿಕೊಳ್ಳುತ್ತದೆ. 1994ರಲ್ಲಿ ಇನ್ನೊಂದು ತಂಡ ಅದು ಉತ್ತರವನ್ನೂ ಕೊಡುತ್ತದೆ ಎಂದು ತೋರಿಸಿತು. ಕ್ಯಾಲ್ಸಿಯಂ ಏರಿದ ನಕ್ಷತ್ರ ಕೋಶ ತಾನೇ ಗ್ಲುಟಮೇಟ್ ಬಿಟ್ಟಿತು, ಪಕ್ಕದ ನರಕೋಶ ಅದಕ್ಕೆ ಸ್ಪಂದಿಸಿತು. ಡಿ-ಸೆರಿನ್, ಎಟಿಪಿ ಹೀಗೆ ಪಟ್ಟಿ ಬೆಳೆದಿದೆ. ಇಲಿಯ ಮಿದುಳಿನಲ್ಲಿ ಇಂಥ ಒಂದೇ ಕೋಶದ ವ್ಯಾಪ್ತಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನರಸಂಧಿಗಳು ಬರುತ್ತವೆಯಂತೆ.

ಇನ್ನು ನಿದ್ದೆ. ಕೋಶದ ಹೊರಗೆ ಬಿದ್ದ ಎಟಿಪಿ ಒಡೆದು ಅಡಿನೊಸಿನ್ ಆಗುತ್ತದೆ. ನಾವು ಎಚ್ಚರವಿದ್ದಷ್ಟೂ ಅಡಿನೊಸಿನ್ ಮಿದುಳಿನಲ್ಲಿ ಹೆಚ್ಚುತ್ತದೆ, ನರಕೋಶಗಳನ್ನು ತಣ್ಣಗಾಗಿಸುತ್ತದೆ, ಕಣ್ಣು ಎಳೆಯುತ್ತದೆ. ಕಾಫಿಯ ಕೆಫೀನ್ ಹೋಗಿ ಅಡಿನೊಸಿನ್ ಕೂರುವ ಜಾಗದಲ್ಲೇ ಕೂತುಬಿಡುತ್ತದೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಹನ್ನೊಂದು ಗಂಟೆಯ ಫ್ಲಾಸ್ಕಿನ ಗುಟ್ಟು ಇಷ್ಟೇ. 2009ರಲ್ಲಿ ಇಲಿಗಳಲ್ಲಿ ನಕ್ಷತ್ರ ಕೋಶಗಳ ಸ್ರಾವವನ್ನು ತಡೆದಾಗ, ನಿದ್ದೆಗೆಟ್ಟ ಮೇಲೆ ಬರಬೇಕಾದ ನಿದ್ದೆಯ ಒತ್ತಡ ಕಡಿಮೆಯಾಯಿತು ಎಂದು ಒಂದು ತಂಡ ವರದಿ ಮಾಡಿತು. ಕೈ ಚಾಚಿ ತಂತಿ ಕಡಿಯುವುದು ಎಂಬ ಕಹಾಲ್‌ನ ವಿವರಣೆ ತಪ್ಪು. ಆದರೆ ನಿದ್ದೆಗೂ ಈ ಕೋಶಕ್ಕೂ ನಂಟಿದೆ ಎಂದು 1895ರಲ್ಲಿ ಬೆರಳಿಟ್ಟ ಜಾಗ ತೀರ ತಪ್ಪಾಗಿರಲಿಲ್ಲ.

ಉತ್ತರ ಪೂರ್ತಿಯಾಯಿತು ಎಂದುಕೊಳ್ಳಬೇಡಿ. ಆ 2009ರ ಇಲಿಗಳಲ್ಲಿ ನರಕೋಶಗಳಿಗೂ ಏಟು ಬಿದ್ದಿರಬಹುದು ಎಂದು ಕೆಲವರು ತಕರಾರು ತೆಗೆದರು. ನಕ್ಷತ್ರ ಕೋಶದಲ್ಲಿ ಕ್ಯಾಲ್ಸಿಯಂ ಏರಿಸಿದರೂ ಪಕ್ಕದ ನರಕೋಶದಲ್ಲಿ ಏನೂ ಆಗಲಿಲ್ಲ ಎಂದ ಪ್ರಯೋಗಾಲಯಗಳಿವೆ. 2023ರಲ್ಲಿ ಬಂದ ಒಂದು ಅಧ್ಯಯನ, ಎಲ್ಲ ನಕ್ಷತ್ರ ಕೋಶಗಳೂ ಅಲ್ಲ, ಕೆಲವು ಮಾತ್ರ ಗ್ಲುಟಮೇಟ್ ಬಿಡುತ್ತವೆ ಎಂದಿತು. ಹಾಗಾದರೆ ಎರಡೂ ಕಡೆಯವರು ನೋಡಿದ್ದು ಬೇರೆ ಬೇರೆ ಕೋಶಗಳನ್ನೇ ಇರಬಹುದು.

ಕಳೆದ ವಾರ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಗಡಿಯಾರ ನೋಡಿ ಬರೆದೆ. ಹದಿಮೂರು ಪ್ರಶ್ನೆ ಖಾಲಿ ಬಿಟ್ಟೆ. ಬಿಡುವಾಗ ಕೈ ತಡೆಯುತ್ತದೆ, ಅಭ್ಯಾಸವಾಗಬೇಕು. ಬಿಟ್ಟ ಹದಿಮೂರನ್ನೂ ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಂಡು ದಿನಕ್ಕೆರಡರಂತೆ ಹುಡುಕಿ ಓದುತ್ತಿದ್ದೇನೆ. ಅಟ್ಟದ ಕಾಯಿ ಇಳಿಸುವುದು ಮುಂದಿನ ತಿಂಗಳು, ಪರೀಕ್ಷೆಯೂ ಅದೇ ತಿಂಗಳು. ಪ್ರತಿ ವರ್ಷ ಕಾಯಿ ಇಳಿಸಿ ಎಣಿಸುವುದು, ಚಿಪ್ಪು ಒಡೆದ ಮೇಲೆ ಉಂಡೆ ಆರಿಸುವುದು ನನ್ನ ಪಾಲಿನ ಕೆಲಸ. ಈ ಸಲ ಅದಕ್ಕೂ ಆಳು ಹೇಳಿದ್ದೇನೆ, ನೀನು ಓದಿಕೋ ಎಂದು ನಿನ್ನೆ ಊಟದ ಹೊತ್ತಿನಲ್ಲಿ ಅಪ್ಪ ಹೇಳಿದರು.