53 ದಿನ ಹೆಪ್ಪುಗಟ್ಟಿದ್ದ ಜೀವ

ವಿಜಯನಗರದಿಂದ ಕೆಂಗೇರಿ ಕಡೆಗೆ ಕಾಲೇಜಿಗೆ ಹೋಗುವಾಗ ಭ್ರೂಣವನ್ನು ಶೈತ್ಯೀಕರಿಸಿ ಇಡುವ ಆಸ್ಪತ್ರೆಯ ಜಾಹೀರಾತು ದಿನವೂ ಕಣ್ಣಿಗೆ ಬೀಳುತ್ತದೆ. ಇಂದು ಮಾಮೂಲಾಗಿರುವ ಈ ಕೆಲಸಕ್ಕಾಗಿ ನಮ್ಮ ದೇಶದ ವೈದ್ಯರೊಬ್ಬರು ಅವಮಾನ ಉಂಡಿದ್ದರು. ಅವರೇ ಡಾ. ಸುಭಾಷ್ ಮುಖರ್ಜಿ.

1931ರಲ್ಲಿ ಹಜಾರಿಬಾಗ್‌ನಲ್ಲಿ ಹುಟ್ಟಿದ ಅವರು ಕಲ್ಕತ್ತಾದಲ್ಲಿ ವೈದ್ಯಕೀಯ ಓದಿದರು. ಅಲ್ಲೊಂದು, ಎಡಿನ್‌ಬರೋದಲ್ಲೊಂದು, ಹೀಗೆ ಎರಡು ಪಿಎಚ್‌.ಡಿ ಪಡೆದು ಊರಿಗೆ ಮರಳಿದರು. ಮಕ್ಕಳಿಲ್ಲದ ದಂಪತಿಗಳಿಗೆ ದಾರಿ ಹುಡುಕಲು ಹೊರಟ ಅವರಿಗೆ ಜೊತೆಯಾದವರು ಸ್ತ್ರೀರೋಗ ತಜ್ಞ ಸರೋಜ್ ಕಾಂತಿ ಭಟ್ಟಾಚಾರ್ಯ ಮತ್ತು ಜಾದವ್‌ಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸುನಿತ್ ಮುಖರ್ಜಿ.

ಜೀವಕೋಶವನ್ನು ಸುಮ್ಮನೆ ಹೆಪ್ಪುಗಟ್ಟಿಸಿದರೆ ಒಳಗಿನ ನೀರು ಮಂಜಿನ ಹರಳಾಗಿ ಕೋಶವನ್ನೇ ಸೀಳುತ್ತದೆ. ಅದನ್ನು ತಡೆಯಲು ಅವರು ಡೈಮಿಥೈಲ್ ಸಲ್ಫಾಕ್ಸೈಡ್ ಬಳಸಿದರು. ಎಂಟು ಕೋಶಗಳ ಭ್ರೂಣವನ್ನು 53 ದಿನ ಕಾಪಿಟ್ಟರು. ಅಂಡಾಣುಗಳಿಗಾಗಿ ತಾಯಿಗೆ ಕೊಟ್ಟ ಹಾರ್ಮೋನಿನ ಪ್ರಭಾವ ಇಳಿದ ಮೇಲೆ ಅದನ್ನು ಗರ್ಭಕ್ಕೆ ಸೇರಿಸಿದರು. 1978ರ ಅಕ್ಟೋಬರ್ 3ರಂದು ದುರ್ಗಾ ಹುಟ್ಟಿದಳು. ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡ್‌ನಲ್ಲಿ ಹುಟ್ಟಿ ಆಗ ಬರೀ 70 ದಿನಗಳಾಗಿದ್ದವು!

ಆದರೆ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಜಪಾನಿಗೆ ಹೋಗಿ ತಮ್ಮ ಕೆಲಸ ವಿವರಿಸಲು ಅನುಮತಿ ಸಿಗಲಿಲ್ಲ. ಕೊನೆಗೆ ಅವರ ಸಂಶೋಧನೆಗೆ ಸಂಬಂಧವೇ ಇಲ್ಲದ ಕಣ್ಣಿನ ಸಂಸ್ಥೆಗೆ ವರ್ಗ ಮಾಡಲಾಯಿತು. 1981ರ ಜೂನ್ 19ರಂದು, ಐವತ್ತನೇ ವಯಸ್ಸಿನಲ್ಲಿ, ನೊಂದ ಆ ಜೀವ ತನ್ನ ಬದುಕನ್ನು ತಾನೇ ಮುಗಿಸಿಕೊಂಡಿತು. ಶೈತ್ಯೀಕರಿಸಿದ ಭ್ರೂಣದಿಂದ 1984ರಲ್ಲಿ ಆಸ್ಟ್ರೇಲಿಯಾದಲ್ಲಿ ಮಗು ಹುಟ್ಟಿದಾಗ ಜಗತ್ತು ಚಪ್ಪಾಳೆ ತಟ್ಟಿತು. ಅದನ್ನು ಕೇಳಲು ಅವರಿರಲಿಲ್ಲ.

ಇಲ್ಲಿಗೆ ಕಥೆ ಮುಗಿಯಲಿಲ್ಲ. 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಹರ್ಷಾ ಭಾರತದ ಮೊದಲ ಪ್ರನಾಳ ಶಿಶು ಎಂದು ದಾಖಲಾಗಿತ್ತು. ಆ ಸಾಧನೆಯ ರೂವಾರಿಗಳಲ್ಲಿ ಒಬ್ಬರಾದ ಡಾ. ಟಿ.ಸಿ. ಆನಂದ್ ಕುಮಾರ್ ಅವರ ಕೈಗೆ ಮುಖರ್ಜಿಯವರ ಬರಹಗಳು, ಟಿಪ್ಪಣಿಗಳು ಸಿಕ್ಕವು. ಅವನ್ನು ಓದಿದವರೇ, ಮೊದಲ ಸ್ಥಾನ ತನ್ನದಲ್ಲ, ಮುಖರ್ಜಿಯವರದು ಎಂದು 1997ರಲ್ಲಿ ಬರೆದರು. ಆ ಲೇಖನ ಪ್ರಕಟವಾದದ್ದು ನಮ್ಮ ಬೆಂಗಳೂರಿನಿಂದಲೇ ಹೊರಬರುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ.

ಬಿ.ಇ. ಓದುತ್ತಿರುವ ನಾನು ಎಷ್ಟೋ ಸಲ ಗೆಳೆಯನ ಲ್ಯಾಬ್ ರೆಕಾರ್ಡ್ ನೋಡಿ ನಕಲು ಮಾಡಿದ್ದೇನೆ. ಯಾರೂ ನಂಬದ ದಿನಗಳಲ್ಲೂ ಮುಖರ್ಜಿ ಬರೆದಿಟ್ಟಿದ್ದರಿಂದಲೇ ಹದಿನಾರು ವರ್ಷಗಳ ನಂತರವಾದರೂ ಸತ್ಯ ಹೊರಬಂತು. ಹಾಗೆಯೇ, ಮತ್ತೊಬ್ಬರಿಗಾಗಿ ತನ್ನ ಪಟ್ಟ ಬಿಟ್ಟುಕೊಡುವ ಒಂದು ದೊಡ್ಡ ಮನಸ್ಸೂ ಬೇಕಾಯಿತು. ಈ ಎರಡರಲ್ಲಿ ಮೊದಲನೆಯದನ್ನಂತೂ ನಾನು ಮುಂದಿನ ಲ್ಯಾಬ್‌ನಿಂದಲೇ ಕಲಿಯಬಹುದು.