ಮನ್ರೋ ಸಾಹೇಬರ ಕಂದಾಯದ ಲೆಕ್ಕ

ಕಂದಾಯ ಎಷ್ಟು, ಹಾಕಿದವರು ಯಾರು, ಜಾಸ್ತಿಯಾಯಿತೆಂದರೆ ಕೇಳುವವರು ಯಾರು? ಆಂಡರ್ಸನ್‌ಪೇಟೆಯ ಅಂಗಡಿಯವರಿಗೆ ಈ ಪ್ರಶ್ನೆ ಹೊಸದಲ್ಲ. ಇನ್ನೂರು ವರ್ಷದ ಹಿಂದೆ ನಮ್ಮ ಪಕ್ಕದ ಸೀಮೆಯಲ್ಲೇ ಇದೇ ಲೆಕ್ಕ ಹಾಕುತ್ತಾ ಊರೂರು ಸುತ್ತಿದ ಒಬ್ಬ ಸಾಹೇಬರಿದ್ದರು. ಹೆಸರು ಥಾಮಸ್ ಮನ್ರೋ. ತಾವು ಹಾಕಿದ ಕಂದಾಯ ಭಾರವಾಯಿತೆಂದು ತಾವೇ ಮೇಲಿನವರಿಗೆ ಬರೆದ ಅಪರೂಪದ ಆಸಾಮಿ.

1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಮನ್ರೋ 1780ರಲ್ಲಿ ಕಂಪನಿ ಸೈನ್ಯಕ್ಕೆ ಸೇರಿ ಮದ್ರಾಸಿಗೆ ಬಂದಿಳಿದರು. ಹೈದರಾಲಿಯ ವಿರುದ್ಧ ಕಾದಿದರು. 1792ರಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲನ್ನು ಬಿಟ್ಟುಕೊಟ್ಟಾಗ ಕತ್ತಿ ಬದಿಗಿಟ್ಟು ಲೆಕ್ಕದ ಪುಸ್ತಕ ಹಿಡಿದರು. ಬಾರಾಮಹಲ್ ಅಂದರೆ ದೂರದ್ದೇನಲ್ಲ, ಇಲ್ಲಿಂದ ಗಡಿ ದಾಟಿದರೆ ಸಿಗುವ ಕೃಷ್ಣಗಿರಿ, ಧರ್ಮಪುರಿ ಸೀಮೆ. ಅಲ್ಲಿ ಕ್ಯಾಪ್ಟನ್ ರೀಡ್ ಕೈಕೆಳಗೆ ಏಳು ವರ್ಷ ದುಡಿದರು. ನಡುವೆ ಜಮೀನ್ದಾರನಿಲ್ಲದೆ ನೇರ ರೈತನ ಹೆಸರಿಗೇ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿ ಪಳಗಿದ್ದು ಅಲ್ಲೇ.

1799ರಲ್ಲಿ ಟಿಪ್ಪು ಮಡಿದ ಮೇಲೆ ಮಂಗಳೂರು ಬಂದರು ಸೇರಿದ ಕೆನರಾ ಜಿಲ್ಲೆಗೆ ಹೋದರು. ಜನ ಮೊದಮೊದಲು ಕಚೇರಿ ಕಡೆಗೇ ತಲೆ ಹಾಕಲಿಲ್ಲ! ಹಳೇ ಕಡತ ಬಿಚ್ಚಿಸಿ ನೋಡಿದರು. ತಲೆತಲಾಂತರದಿಂದ ಬಂದ ಮೂಲ ಕಂದಾಯಕ್ಕೆ ರೇಖೆ ಅಂತ ಹೆಸರು. ಅದರ ಮೇಲೆ ಆಮೇಲಿನ ಸರ್ಕಾರಗಳು ಹೇರುತ್ತಾ ಹೋದದ್ದು ಶಾಮಿಲು. ಭೂಮಿಗೆ ಒಡೆಯರಿದ್ದರು, ಕ್ರಯ, ಅಡಮಾನ ನಡೆಯುತ್ತಿತ್ತು. ಕಂದಾಯ ಏರಿದಷ್ಟೂ ಭೂಮಿಯ ಬೆಲೆ ಇಳಿಯುತ್ತೆ ಅನ್ನೋದು ಅಲ್ಲಿ ಮನದಟ್ಟಾಯಿತು.

1800ರಲ್ಲಿ ಬಳ್ಳಾರಿ, ಅನಂತಪುರ, ಕಡಪ ಸೀಮೆಯ ಅಧಿಕಾರ ಬಂತು. 1802ರಿಂದ ಹೊಲ ಹೊಲವನ್ನೂ 33 ಅಡಿಯ ಸರಪಳಿಯಿಂದ ಅಳೆಸಿದರು. ಸರಪಳಿಯ ಉದ್ದಗಲದ ಅಂಥ 40 ಚೌಕ ಸೇರಿದರೆ ಒಂದು ಎಕರೆ. ಇವತ್ತು ನಾವು ಹೇಳುವ ಗುಂಟೆಯ ಲೆಕ್ಕವೂ ಇದೇ. ಅಳತೆಯಾದ ಮೇಲೆ ಮಣ್ಣು, ನೀರು ನೋಡಿ ತರಗತಿ, ತರಗತಿ ನೋಡಿ ದರ.

ದರ ನಿಂತಿತು. ಆದರೆ ಮನ್ರೋಗೆ ಸಮಾಧಾನವಿಲ್ಲ. ಹೀಗೇ ಬಿಟ್ಟರೆ ರೈತನ ಕೈಲಿ ಏನೂ ಉಳಿಯದು ಅಂತ 1807ರಲ್ಲಿ ಶೇಕಡ 25, ಬಾವಿ ನೀರಿನ ಜಮೀನಿಗೆ ಶೇಕಡ 33 ಇಳಿಸಿರೆಂದು ಬರೆದರು. ಮೇಲಿನವರು ಒಪ್ಪಲಿಲ್ಲ. ಮನ್ರೋ ವಿಲಾಯತಿಗೆ ಹೊರಟರು. ಇತ್ತ ಇಡೀ ಹಳ್ಳಿಗಳನ್ನೇ ಗುತ್ತಿಗೆಗೆ ಕೊಡುವ ಪದ್ಧತಿ ಬಂತು. ಗುತ್ತಿಗೆ ಹಿಡಿದವರಲ್ಲಿ ಎಷ್ಟೋ ಮಂದಿ ಕೆಟ್ಟರು, ಹಳ್ಳಿಗಳು ಸೊರಗಿದವು.

1820ರಲ್ಲಿ ಅದೇ ಮನ್ರೋ ಮದ್ರಾಸಿನ ಗವರ್ನರ್ ಆದರು. ಬಾಕಿ ಬಿದ್ದಿದ್ದ ಆ ಇಳಿಕೆಯನ್ನು ಆಮೇಲೆ ಜಾರಿಗೆ ತಂದರು. ಬರೆದವರ ಕೈಗೇ ಅಧಿಕಾರ ಬರುವ ತನಕ ರೈತ ಕಾಯಬೇಕಾಯಿತು!

ಮಂತ್ರಾಲಯದ ಮಠದ ಭೂಮಿ ವಿಚಾರಿಸಲು ಹೋದಾಗ ಬೃಂದಾವನದ ಮುಂದೆ ರಾಯರ ದರ್ಶನವಾಯಿತು, ಮಠಕ್ಕೆ ಭೂಮಿ ಉಳಿಯಿತು ಎಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ. ಆ ಸೀಮೆಯವರು ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟದ್ದೂ ಉಂಟು.

ಊರಿಗೆ ಹಿಂತಿರುಗುವ ಮುನ್ನ ಹಳೇ ಸೀಮೆಯನ್ನೊಮ್ಮೆ ನೋಡಿ ಬರೋಣವೆಂದು ಹೊರಟ ಮನ್ರೋ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡರು. ಕಂಪನಿಯ ಬೊಕ್ಕಸಕ್ಕೆ ದುಡಿದ ಮನುಷ್ಯ, ಅನುಮಾನವಿಲ್ಲ. ಆದರೆ ತನ್ನ ಲೆಕ್ಕ ತಪ್ಪಿದೆ ಎಂದು ಒಪ್ಪಿಕೊಂಡ ಕಂದಾಯದ ಅಧಿಕಾರಿ. ಅಂಥವರು ಆಗಲೂ ಕಮ್ಮಿ.