ಮೊಳಹಳ್ಳಿ ಶಿವರಾಯರು

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ, ಪುತ್ತೂರುಗಳ ಕಡೆಯ ರೈತನ ಕೈ ವರ್ಷದ ಬಹುಭಾಗ ಬರಿದಾಗಿಯೇ ಇರುತ್ತಿತ್ತು. ಬಯಲಿನ ಗದ್ದೆಯಲ್ಲಿ ಬೆಳೆದ ಭತ್ತದಿಂದ ಧಣಿಯ ಗೇಣಿ ಸಂದ ಮೇಲೆ ಉಳಿಯುತ್ತಿದ್ದುದು ಸ್ವಲ್ಪ. ತೋಟದ ಅಡಕೆ ಹಣವಾಗುವ ಮೊದಲೇ ಮಳೆಗಾಲದ ಖರ್ಚು, ಮನೆಯ ಮದುವೆ, ಕಾಯಿಲೆಗಳು ಎದುರಾಗುತ್ತಿದ್ದವು. ಆಗ ಸಾಹುಕಾರನ ಬಾಗಿಲೇ ಗತಿ. ಬಡ್ಡಿಯ ಜೊತೆಗೆ ಮುಂದಿನ ಫಸಲನ್ನೂ ಆತ ತಾನು ಹೇಳಿದ ಬೆಲೆಗೆ ಬರೆಸಿಕೊಳ್ಳುತ್ತಿದ್ದನು. ಬೆಳೆ ಕೆಟ್ಟರೆ ಅದರ ಮುಂದಿನ ಸಾಲಕ್ಕೆ ಭೂಮಿಯೇ ಆಧಾರ. ಇಂತಹ ಕಥೆಗಳೆಲ್ಲ ಮುಗಿಯುತ್ತಿದ್ದುದು ನ್ಯಾಯಾಲಯದಲ್ಲಿ. ಪುತ್ತೂರಿನಲ್ಲಿ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರಿಗೆ ಈ ನೋಟ ಅಪರಿಚಿತವಾಗಿರಲಿಲ್ಲ.

ಶಿವರಾಯರು ಜನಿಸಿದ್ದು 1880ರಲ್ಲಿ. ವಕೀಲರಿಗೆ ವ್ಯಾಜ್ಯವೇ ಜೀವನೋಪಾಯ. ವ್ಯಾಜ್ಯದ ಬೇರನ್ನೇ ಕೀಳಲು ಹೊರಟ ವಕೀಲರು ವಿರಳ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತ್ತು. ಅದರ ಆಶ್ರಯದಲ್ಲಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಕೃಷಿಕರಿಗಾಗಿ ಒಂದು ಸಹಕಾರಿ ಬ್ಯಾಂಕನ್ನು ತೆರೆದರು. ಹತ್ತಾರು ಜನ ಅಲ್ಪಸ್ವಲ್ಪ ಪಾಲುಹಣ ಹಾಕಿ, ತಮ್ಮಲ್ಲಿ ಅಗತ್ಯವಿದ್ದವರಿಗೆ ಮಿತವಾದ ಬಡ್ಡಿಗೆ ಸಾಲ ಕೊಡುವುದು ಸಹಕಾರದ ಸರಳವಾದ ತತ್ತ್ವ. ಆದರೆ ಸಾಹುಕಾರನಿಗೆ ಹೆದರಿ ಸಾಲ ತೀರಿಸುತ್ತಿದ್ದವನು ಹೆದರಿಕೆಯಿಲ್ಲದೆಯೂ ತೀರಿಸಬೇಕಷ್ಟೆ! ಸಂಘದ ಹಣ ನೆರೆಯವನ ಹಣ ಎಂಬ ಅರಿವು ಮೂಡಿದಲ್ಲದೆ ಅದು ಸಾಧ್ಯವಿಲ್ಲ. ನನ್ನ ಎಣಿಕೆಯಲ್ಲಿ, ಬ್ಯಾಂಕಿನ ಬಾಗಿಲು ತೆರೆಯುವುದಕ್ಕಿಂತ ಕಷ್ಟದ ಕೆಲಸ ಇದೇ ಆಗಿತ್ತು.

ಇನ್ನೊಂದು ತೊಡಕೂ ಇತ್ತು. ಒಂದು ಊರಿನ ಸದಸ್ಯರಿಗೆಲ್ಲ ಹಣ ಬೇಕಾಗುವುದು ಒಂದೇ ಕಾಲದಲ್ಲಿ. ಚಿಕ್ಕ ಸಂಘದ ಪೆಟ್ಟಿಗೆ ಆಗಲೇ ಬರಿದಾಗುತ್ತಿತ್ತು. ಊರೂರಿನ ಸಂಘಗಳಿಗೆ ಬೆನ್ನೆಲುಬಾಗಿ, ಒಂದೆಡೆಯ ಠೇವಣಿಯನ್ನು ಇನ್ನೊಂದೆಡೆಯ ಬೇಸಾಯಕ್ಕೆ ಹರಿಸುವ ದೊಡ್ಡ ಸಂಸ್ಥೆಯೊಂದು ಬೇಕಿತ್ತು. 1912ರ ಹೊಸ ಕಾಯಿದೆ ಅದಕ್ಕೆ ದಾರಿ ಮಾಡಿತು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಸ್ಥಾಪನೆಯಾಯಿತು. ಜಿಲ್ಲೆಯ ಮುಖ್ಯಪಟ್ಟಣ ಮಂಗಳೂರು. 1907ರಲ್ಲಿಯೇ ಅಲ್ಲಿಗೆ ರೈಲು ಬಂದಿತ್ತು. ಆದರೂ ಬ್ಯಾಂಕು ಹುಟ್ಟಿದ್ದು ರೈಲಿನ ಸುಳಿವೇ ಇಲ್ಲದ ಪುತ್ತೂರಿನಲ್ಲಿ! ಮಂಗಳೂರಿನವರು ಅಲ್ಲಿಗೆ ಬರಬೇಕಾದರೆ ಬಂಟ್ವಾಳದ ಬಳಿ, ಪಾಣೆಮಂಗಳೂರಿನಲ್ಲಿ, ನೇತ್ರಾವತಿಯನ್ನು ದಾಟಿ ಸಾಗಬೇಕಿತ್ತು. ಕುಂದಾಪುರದಿಂದ ಕಾಸರಗೋಡಿನವರೆಗೆ ಹಬ್ಬಿದ್ದ ಅಂದಿನ ಜಿಲ್ಲೆಗೆ ಒಬ್ಬ ಚಿಕ್ಕ ಊರಿನ ವಕೀಲರ ಮೇಲೆ ಎಷ್ಟು ನಂಬಿಕೆಯಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಬ್ಯಾಂಕು ಮಂಗಳೂರಿಗೆ ಹೋದದ್ದು ಮುಂದಿನ ಮಾತು.

ಶಿವರಾಯರು ತಾಲೂಕು ಬೋರ್ಡಿನ ಅಧ್ಯಕ್ಷರೂ ಆಗಿದ್ದರು. ರಸ್ತೆ, ಶಾಲೆ, ಔಷಧಾಲಯಗಳು ಆ ಕಾಲದಲ್ಲಿ ಬೋರ್ಡುಗಳ ಹೊಣೆ. ಪ್ರೌಢಶಿಕ್ಷಣಕ್ಕಾಗಿ ಮಕ್ಕಳು ದೂರದ ಪಟ್ಟಣಕ್ಕೆ ಹೋಗಬೇಕಾಗಿದ್ದ ದಿನಗಳಲ್ಲಿ, 1916ರಲ್ಲಿ, ಅವರ ಪ್ರಯತ್ನದಿಂದ ಪುತ್ತೂರಿಗೆ ಬೋರ್ಡ್ ಹೈಸ್ಕೂಲು ಬಂದಿತು. ಮದ್ರಾಸು ಸರಕಾರ 1934ರಲ್ಲಿ ತಾಲೂಕು ಬೋರ್ಡುಗಳನ್ನೇ ರದ್ದುಪಡಿಸಿತು. ಶಾಲೆ ಮಾತ್ರ ಉಳಿಯಿತು.

ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿದ ಶಿವರಾಮ ಕಾರಂತರಿಗೆ ಅವರು ಹಿರಿಯ ಮಿತ್ರರು. ಇಬ್ಬರೂ ಕೂಡಿ ಪುತ್ತೂರಿನಲ್ಲಿ ದಸರಾ ನಾಡಹಬ್ಬವನ್ನು ನಡೆಸಿದರು. ಲೆಕ್ಕದ ಪುಸ್ತಕಗಳ ನಡುವೆ ಬದುಕಿದ ಈ ಹಿರಿಯರಿಗೆ ಸಾಹಿತ್ಯ, ಸಂಗೀತ, ನಾಟಕಗಳೂ ಊರಿನ ಅಗತ್ಯಗಳೇ ಆಗಿದ್ದವು.

1967ರಲ್ಲಿ ಶಿವರಾಯರು ತೀರಿಕೊಂಡರು. ಅಡಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ, 1973ರಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರು ಕೂಡಿ ಕ್ಯಾಂಪ್ಕೊ ಎಂಬ ಸಹಕಾರಿ ಮಾರಾಟ ಸಂಸ್ಥೆಯನ್ನು ಕಟ್ಟಿದರು. 1986ರಲ್ಲಿ ಆ ಸಂಸ್ಥೆ ಕೊಕ್ಕೊ ಬೆಳೆಗಾರರಿಗಾಗಿ ಚಾಕೊಲೇಟು ಕಾರ್ಖಾನೆಯನ್ನು ಆರಂಭಿಸಿತು. ಅದಕ್ಕೆ ಆರಿಸಿಕೊಂಡ ಊರು ಪುತ್ತೂರು.